ಬಾಳೆಹಣ್ಣಿನಷ್ಟು ಹೊಟ್ಟೆ, ಬಾಣಂತಿಯಷ್ಟು ಉಪಚಾರ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಕೆಡಿಸಿದವನು ನಾನೇ. ಆಪರೇಶನ್ ಮುಗಿಸಿಕೊಂಡು ಮೂಡಲಗಿಯ ಮನೆಗೆ ಬಂದ ಮೊದಲ ಸಂಜೆ, ಹೊಟ್ಟೆಯ ಮೇಲೆ ಅಂಟಿಸಿದ ಪಟ್ಟಿಗಳು ಇನ್ನೂ ಹಾಗೇ ಇದ್ದವು. ನೋಡಲು ಬಂದ ಓಣಿಯ ಮಂದಿ ಪಡಸಾಲೆ ತುಂಬ ಕೂತಿದ್ದರು. ಬಾಯಿ ಮುಚ್ಚಿಕೊಂಡು ಮಲಗಬೇಕಾದ ಹೊತ್ತು ಅದು. ಆದರೆ ಎದುರಿಗೆ ನಾಲ್ಕು ಮಂದಿ ಕೂತರೆ ನನ್ನ ಗಂಟಲು ತಾನೇ ತಿರುಗುತ್ತದೆ. ಆಸ್ಪತ್ರೆಯ ಡಯಟ್ ಮೇಡಂ ಅವರ ದನಿ ತೆಗೆದೆ.

ಆ ಮೇಡಂ ಮೂಗಿನಲ್ಲಿ ಮಾತನಾಡುತ್ತಾರೆ. ಪ್ರತಿ ಮಾತಿನ ಬಾಲವನ್ನೂ ಮೇಲಕ್ಕೆತ್ತಿ, ಅಂಗನವಾಡಿ ಮಗುವಿಗೆ ಕೇಳಿದಂತೆ ಕೇಳುತ್ತಾರೆ. "ಹಾಂ ಸರ, ನೋಡ್ರಿ ಸರ, ಇನ್ ಮ್ಯಾಲೆ ನಿಮ್ಮ ಹೊಟ್ಟಿ ಅಂದ್ರ ಒಂದ ಬಾಳಿಹಣ್ಣು. ಬರೇ ಒಂದ ಬಾಳಿಹಣ್ಣು, ಹೌದಲ್ ಸರ? ಅದರಾಗ ಎಷ್ಟ್ ಹಿಡಸ್ತೈತಿ ಅಷ್ಟ ಹಾಕಬೇಕು, ಹೌದಲ್ ಸರ?"

ಓಣಿ ಬಿದ್ದು ಬಿದ್ದು ನಕ್ಕಿತು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ನಗು ನಿಲ್ಲುವುದರೊಳಗೆ ದೊಡ್ಡ ಡಾಕ್ಟರರನ್ನು ತೆಗೆದೆ. ಅವರು ಮೈಸೂರು ಕಡೆಯವರು, ಬಾವಿಯೊಳಗಿಂದ ಬಂದಂಥ ದನಿ. "ಸಿಹಿ ಮುಟ್ಟಿದ್ರೆ ನನ್ನ ಹತ್ರ ಮತ್ತೆ ಬರ್ಬೇಡಿ." ಆ 'ಬರ್ಬೇಡಿ'ಗೆ ಆಯಿ, ಎಂದರೆ ನನ್ನ ಅಪ್ಪನ ತಾಯಿ, ಹಲ್ಲಿಲ್ಲದ ಬಾಯಿ ತೆಗೆದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಇನ್ನೊಮ್ಮೆ ಅನ್ನೋ, ಇನ್ನೊಮ್ಮೆ ಅನ್ನು" ಎಂದಳು. ನಾನು ಇನ್ನೊಮ್ಮೆ ಅಂದೆ. ಹೊಲಿಗೆ ಹಾಕಿದ ಹೊಟ್ಟೆ ಕುಲುಕಿ ಜೀವ ಹೋದಂತಾಯಿತು, ಆದರೂ ಅಂದೆ.

ಅಲ್ಲಿಗೆ ಮುಗಿಯಿತು. ನನ್ನ ಜೀವ ಉಳಿಸಬೇಕಾಗಿದ್ದ ಆ ಇಬ್ಬರ ಮಾತು ಆ ಸಂಜೆಯಿಂದ ನಮ್ಮ ಮನೆಯಲ್ಲಿ ನಗೆಹಬ್ಬದ ಸರಕಾಯಿತು.

ನಾನು ಯಾಕೆ ಹೊಟ್ಟೆ ಕತ್ತರಿಸಿಕೊಂಡೆ ಎನ್ನುವುದನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ನನ್ನ ಸಂಕಟ ಯಾರಿಗೂ ತಿಳಿಯುವುದಿಲ್ಲ. ನನ್ನ ಹೊಟ್ಟೆಪಾಡು ನನ್ನ ಗಂಟಲು. ಗೋಕಾಕದಲ್ಲಿ ಒಂದು ಸಣ್ಣ ರೆಕಾರ್ಡಿಂಗ್ ಕೋಣೆ. ಆಟೋದ ಮೇಲೆ ಭೋಂಗಾ ಕಟ್ಟಿಕೊಂಡು ಊರೂರು ತಿರುಗುವ ಜಾಹೀರಾತುಗಳಿಗೆ ಅಲ್ಲಿ ದನಿ ಕೊಡುತ್ತೇನೆ. ಸೀರೆ ಅಂಗಡಿಗೆ ಹೆಣ್ಣುದನಿ, ಗೊಬ್ಬರದ ಅಂಗಡಿಗೆ ಗೌಡರ ದನಿ, ಟ್ಯೂಶನ್ ಕ್ಲಾಸಿಗೆ ಮಾಸ್ತರ ದನಿ. ಮದುವೆ ಸೀಸನ್ ಬಂದರೆ ಆರತಕ್ಷತೆಯಲ್ಲಿ ಮೈಕು ಹಿಡಿದು ಬೀಗರು ಬೀಗತಿಯರ ಅಣಕು ಮಾಡಿ ನಗಿಸುತ್ತೇನೆ. ಹುಟ್ಟಿದಾಗಿನಿಂದ ದಪ್ಪ. ಸಾಲೆಯಲ್ಲಿ ನಾಟಕ ಮಾಡಿದರೆ ನನಗೆ ಯಾವಾಗಲೂ ಸಾಹುಕಾರನ ಪಾತ್ರ. ಮೇಕಪ್ಪಿಗೆ ಹೊಟ್ಟೆಯ ಖರ್ಚು ಇರಲಿಲ್ಲ. ಕಬ್ಬಿನ ಟ್ರ್ಯಾಕ್ಟರ್ ತೂಗುವ ಕಾಟಾದ ಮೇಲೆ ನಿಲ್ಲಿಸಿ ತೂಗಬೇಕು ನನ್ನನ್ನು ಎಂದು ಮದುವೆ ಮಂಟಪದಲ್ಲಿ ನಾನೇ ಹೇಳಿ ನಗಿಸುತ್ತಿದ್ದೆ.

ಆಮೇಲೆ ಉಸಿರು ಸಾಲದಾಯಿತು. ಒಂದು ಉದ್ದನೆಯ ಸಾಲು ಹೇಳುವಾಗ ನಡುವೆ ದಮ್ಮು ಕಟ್ಟುತ್ತಿತ್ತು. ಮೈಕಿನಲ್ಲಿ ಗೌಡರ ದನಿ ಹೊರಟು ಮುದಿ ಎತ್ತಿನ ದನಿಯಾಗಿ ನಿಲ್ಲುತ್ತಿತ್ತು. ಸಕ್ಕರೆ ಕಾಯಿಲೆ ಇಷ್ಟು ಸಣ್ಣ ವಯಸ್ಸಿಗೇ ಬಂದು ಕೂತಿತ್ತು. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತಿತ್ತಂತೆ, ಅವ್ವ ಪಕ್ಕದಲ್ಲಿ ಕೂತು ಎಣಿಸುತ್ತಿದ್ದಳಂತೆ. ಕೊನೆಗೆ ಬೆಳಗಾವಿಯ ಆಸ್ಪತ್ರೆಯಲ್ಲಿ ಆ ದೊಡ್ಡ ಡಾಕ್ಟರರು ಹೊಟ್ಟೆಯ ಮುಕ್ಕಾಲು ಪಾಲು ತೆಗೆದು, ಬಾಳೆಹಣ್ಣಿನಷ್ಟು ಉಳಿಸಿ ಹೊಲಿದರು. "ಇದೊಂದು ಅವಕಾಶ. ತುರುಕಿ ತುರುಕಿ ಹಿಗ್ಗಿಸಿಕೊಂಡ್ರೆ ಇನ್ನೊಂದು ಸಲ ಇಷ್ಟು ಸುಲಭವಾಗಿ ಸಿಗೋದಿಲ್ಲ" ಎಂದರು. ಉಳಿದ ಆ ಬಾಳೆಹಣ್ಣು ಹಿಗ್ಗಿತೋ, ದಮ್ಮು ಮತ್ತೆ ಕಟ್ಟಿತು, ಗಂಟಲು ಹೋಯಿತು, ಅನ್ನವೂ ಹೋಯಿತು. ಇಷ್ಟೇ ಲೆಕ್ಕ.

ಈ ಲೆಕ್ಕ ನಮ್ಮ ಆಯಿಗೆ ತಿಳಿಸುವವರು ಯಾರು?

ಆಯಿ ತನ್ನ ಜೀವಮಾನದಲ್ಲಿ ಹೊಟ್ಟೆಯ ಆಪರೇಶನ್ ಎಂದರೆ ಒಂದನ್ನೇ ಕಂಡವಳು. ಹೊಟ್ಟೆ ಕೊಯ್ದರು ಎಂದರೆ ಹೆರಿಗೆ. ಹೆರಿಗೆ ಎಂದರೆ ಬಾಣಂತನ. ಕೂಸು ಎಲ್ಲಿ ಎನ್ನುವುದು ಅವಳಿಗೆ ದೊಡ್ಡ ಪ್ರಶ್ನೆಯಾಗಿ ಕಾಣಲಿಲ್ಲ. ಮರುದಿನ ಬೆಳಿಗ್ಗೆ ನಾನು ಕಣ್ಣು ಬಿಡುವಷ್ಟರಲ್ಲಿ ಕಿವಿಗೆ ಹತ್ತಿ ತುರುಕಿ, ತಲೆಗೆ ಬಟ್ಟೆ ಬಿಗಿದು, ಮಂಚದ ಕೆಳಗೆ ಕೆಂಡದ ಬೋಗುಣಿ ಇಟ್ಟು ಲೋಬಾನದ ಹೊಗೆ ಹಾಕಿದ್ದಳು. ಮೀಸೆ ಬಂದ ಗಂಡಸು, ಗಾಳಿ ಹೊಡೆಯದಂತೆ ಕಿವಿ ಕಟ್ಟಿಸಿಕೊಂಡು ಹೊಗೆಯೊಳಗೆ ಕೆಮ್ಮುತ್ತಾ ಮಲಗಿದ್ದೆ.

"ಆಯಿ, ನಾ ಹಡದಿಲ್ಲ. ನನ್ನ ಹೊಟ್ಟಿ ಸಣ್ಣದು ಮಾಡ್ಯಾರ."

"ಅದ ಮತ್ತ. ಕೊಯ್ದಾರ ಇಲ್ಲೋ? ಕೊಯ್ದದ್ದು ಕೂಡಬೇಕಂದ್ರ ಒಳಗ ಅಂಟು ಹೋಗಬೇಕು. ನಿಮ್ಮವ್ವ ನಿನ್ನ ಹಡದಾಗ ಏನ ತಿಂದಾಳಂತ ಮಾಡಿ?"

ಅಂಟು ಎಂದರೆ ಮರದ ಅಂಟು. ಅದನ್ನು ತುಪ್ಪದಲ್ಲಿ ಅರಳಿಸಿ, ಒಣಕೊಬ್ಬರಿ, ಉತ್ತತ್ತಿ, ಬಾದಾಮಿ ಸೇರಿಸಿ ಬೆಲ್ಲದ ಪಾಕದಲ್ಲಿ ಕಟ್ಟಿದ ಉಂಡೆ. ಬಾಣಂತಿಗೆ ಬೆನ್ನು ಗಟ್ಟಿಯಾಗಲೆಂದು ಕೊಡುವುದು. ನಾನು ಇನ್ನೂ ತಿಳಿನೀರು, ಬೇಳೆಕಟ್ಟು ಚಮಚ ಚಮಚ ಕುಡಿಯುತ್ತಿದ್ದ ದಿನಗಳವು. ಆಯಿ ಆಗಲೇ ಉಂಡೆ ಕಟ್ಟಿ ಡಬ್ಬಿ ತುಂಬಿಸಿದ್ದಳು. ಡಬ್ಬಿಯ ಮುಚ್ಚಳ ತೆಗೆದರೆ ಆ ತುಪ್ಪದ ವಾಸನೆ ಪಡಸಾಲೆ ದಾಟಿ, ಹೊಗೆ ದಾಟಿ, ಹತ್ತಿ ತುರುಕಿದ ಕಿವಿಯ ಮೂಲಕವೂ ಒಳಗೆ ಬರುತ್ತಿತ್ತು, ದೇವರಾಣೆ.

ನಾನೇನು ಮಾಡಿದೆ? ಮೇಡಂ ದನಿ ತೆಗೆದೆ. "ಆಯೀ ಮೇಡಂ, ಇದು ಬರೇ ಬಾಳಿಹಣ್ಣು, ಹೌದಲ್ ಮೇಡಂ? ಇದರಾಗ ಉಂಡಿ ಹೆಂಗ ಹಿಡಸ್ತೈತಿ, ಹೌದಲ್ ಮೇಡಂ?"

ಆಯಿ ನಕ್ಕು ನಕ್ಕು ಸುಸ್ತಾಗಿ, ಉಂಡೆಯನ್ನು ಅರ್ಧ ಮುರಿದು ದಿಂಬಿನ ಪಕ್ಕದಲ್ಲಿಟ್ಟು ಹೋದಳು. "ಅರ್ಧ ಹಿಡಸ್ತೈತಿ ತಗೋ."

ಸುದ್ದಿ ಬಂಧುಬಳಗಕ್ಕೆ ಹೋದದ್ದೂ ಬಾಣಂತನದ ಸುದ್ದಿಯಾಗಿಯೇ. ಅಂಕಲಗಿಯಿಂದ ಬಂದ ದೊಡ್ಡಮ್ಮ ಉಡಿ ತುಂಬ ಉತ್ತತ್ತಿ, ಕೊಬ್ಬರಿ ಬಟ್ಟಲು ತಂದಳು. ಕಾಕಾ ಕುರಿ ದಡ್ಡಿಯಿಂದ ನೇರವಾಗಿ ಬಂದು "ಕಾಲ ಸೂಪ ಕುಡದ್ರ ಎಲುವು ಗಟ್ಟಿ ಆಗ್ತಾವ" ಎಂದು ನಾಲ್ಕು ಕುರಿಗಾಲು ತಂದಿಟ್ಟ. ಎಲುಬಿಗೆ ಏನೂ ಆಗಿರಲಿಲ್ಲ. ನನ್ನ ಶರೀರದಲ್ಲಿ ಗಟ್ಟಿಮುಟ್ಟಾಗಿ ಇದ್ದದ್ದು ಎಲುಬೊಂದೇ, ಇಷ್ಟು ವರ್ಷ ಆ ಭಾರ ಹೊತ್ತದ್ದು ಅದೇ ಅಲ್ಲವೇ. ಹಿಂದಿನ ಓಣಿಯ ಮುದುಕಿಯೊಬ್ಬಳು ಕಣ್ಣು ಸರಿಯಾಗಿ ಕಾಣದೆ, ಕಟ್ಟಿದ ತಲೆ ನೋಡಿ, "ಏನ್ ಹಡದಾಳವ್ವಾ, ಗಂಡೋ ಹೆಣ್ಣೋ?" ಎಂದು ಕೇಳಿದಳು. ಅವ್ವ ಸುಮ್ಮನಿರದೆ, "ಹಡದದ್ದು ಬಾಳಿಹಣ್ಣು ಯವ್ವಾ" ಎಂದುಬಿಟ್ಟಳು. ನನ್ನ ನಾಲಿಗೆ ಎಲ್ಲಿಂದ ಬಂತು ಎಂದು ಊರಿಗೆ ಸಂಶಯವಿದ್ದರೆ ಅಂದೇ ತೀರಿರಬೇಕು.

ಆಯಿಯದ್ದು ಹಾಗಾದರೆ ಅವ್ವನದ್ದು ಇನ್ನೊಂದು ಬಗೆ. ನಮ್ಮ ಮನೆಯಲ್ಲಿ ಒಂದೇ ಸಲ ಬಡಿಸುವ ರೂಢಿ ಇಲ್ಲ. ಒಂದೇ ಸಲ ನೀಡಿ ಕೈ ತೊಳೆದರೆ ಅದು ಹಗೆತನ. ಹಗೆಯವರಿಗೆ, ಸಾಲ ಕೇಳಲು ಬಂದವರಿಗೆ ಒಂದು ಸಲ. ಮನೆಯವರಿಗೆ ಎರಡನೆಯ ಸಲ ನೀಡಲೇಬೇಕು. ಬೇಕೋ ಬೇಡವೋ ಎಂದು ಕೇಳುವುದಲ್ಲ, ತಾಟಿನ ಮೇಲೆ ಸೌಟು ತಂದು ಬಗ್ಗಿಸುವುದು. ನಾನು ಮೆತ್ತನ್ನ ತಿನ್ನುವ ಹಂತಕ್ಕೆ ಬಂದಾಗ ಇದು ಶುರುವಾಯಿತು. ಮೇಡಂ ಹೇಳಿದ್ದು ಸಣ್ಣ ಬಟ್ಟಲು, ಸಣ್ಣ ಚಮಚ, ಅಗಿದು ಅಗಿದು, ಸಾಕೆನಿಸಿದ ತುತ್ತಿಗೆ ನಿಲ್ಲಿಸಬೇಕು. ಒಂದು ತುತ್ತು ಹೆಚ್ಚಾದರೆ ಎದೆಯ ನಡುವೆ ಗೂಟ ಬಡಿದಂತೆ ನೋವು. ಅವ್ವ ಬಟ್ಟಲಿಗೆ ಸರಿಯಾಗಿ ಅಷ್ಟೇ ಹಾಕುತ್ತಿದ್ದಳು. ನಾನು ಉಂಡು ಮುಗಿಸಿ ಕೈ ಎತ್ತುವಷ್ಟರಲ್ಲಿ ಸೌಟು ಬರುತ್ತಿತ್ತು.

ಆಗ ಡಾಕ್ಟರ್ ದನಿ. "ಸಾಕು. ಇನ್ನು ಹಾಕ್ಬೇಡಿ."

"ಅಯ್ಯ, ಹಾಕ್ಬೇಡಿ ಅಂತ! ಕೇಳ್ರಿ ಇವನ ಬಾಯಿ" ಎಂದು ಅವ್ವ ನಗುತ್ತಾ, ನಗುವಿನಲ್ಲಿ ಕೈ ಅಲುಗಿ, ಹಾಕಬೇಕಾದ ಎರಡು ಚಮಚದ ಜಾಗದಲ್ಲಿ ಮೂರು ಚಮಚ ಬೀಳಿಸುತ್ತಿದ್ದಳು. ಅದರ ಮೇಲೆ ತುಪ್ಪ. "ಸವರಿದ್ದು ಅಷ್ಟ, ಹಾಕಿದ್ದಲ್ಲ" ಎನ್ನುತ್ತಿದ್ದಳು. ಬಟ್ಟಲಿನಲ್ಲಿ ಉಳಿಸಿದರೆ ಅನ್ನದೇವರಿಗೆ ಅವಮಾನ. ತಿಂದರೆ ಎದೆಯಲ್ಲಿ ಗೂಟ. ಎಷ್ಟೋ ಮಧ್ಯಾಹ್ನ ನಾನು ಹಿತ್ತಲಿನ ಬೇವಿನ ಮರಕ್ಕೆ ಒರಗಿ ನಿಂತು ಆ ಮೂರನೆಯ ಚಮಚವನ್ನು ನೆಲಕ್ಕೆ ವಾಪಸ್ಸು ಕೊಟ್ಟಿದ್ದೇನೆ. ಆ ಮರ ಈ ವರ್ಷ ಚೆನ್ನಾಗಿ ಚಿಗುರಿದೆ.

ಸ್ವಲ್ಪ ಗಟ್ಟಿಯಾಗಿ ಗೋಕಾಕಕ್ಕೆ ಕೆಲಸಕ್ಕೆ ಹೋಗತೊಡಗಿದ ಮೇಲೆ ಪಾರಾದೆ ಎಂದುಕೊಂಡೆ. ಗೋಕಾಕದಲ್ಲಿ ಪಾರಾಗುವುದೆಂದರೇನು? ಬಸ್ಸಿಳಿದರೆ ಎಡಕ್ಕೆ ಕರದಂಟು, ಬಲಕ್ಕೆ ಕರದಂಟು. ಆಯಿಯ ಉಂಡೆಯನ್ನೇ ತಟ್ಟೆಯಲ್ಲಿ ಹರವಿ, ಗೋಡಂಬಿ ಹೊದಿಸಿ, ತುಂಡು ಕತ್ತರಿಸಿ ಪೆಟ್ಟಿಗೆಗೆ ಹಾಕಿದರೆ ಅದೇ ಕರದಂಟು. ಅಂದರೆ ಮನೆಯಲ್ಲಿ ನನ್ನನ್ನು ಅಟ್ಟಿಸಿಕೊಂಡು ಬರುತ್ತಿದ್ದ ವೈರಿಯ ರಾಜಧಾನಿಗೇ ನಾನು ದಿನಾಲೂ ಪಗಾರಕ್ಕೆ ಹೋಗುತ್ತಿದ್ದೆ.

ಇದಕ್ಕಿಂತ ದೊಡ್ಡ ಪೀಡೆ ಇನ್ನೊಂದಿತ್ತು, ಅದನ್ನೂ ನಾನೇ ಹುಟ್ಟಿಸಿದ್ದು. ಆಪರೇಶನ್ನಿಗೆ ಸ್ವಲ್ಪ ಮೊದಲು ಒಂದು ಮಿಠಾಯಿ ಅಂಗಡಿಗೆ ಜಾಹೀರಾತು ಮಾಡಿಕೊಟ್ಟಿದ್ದೆ. ನಾನು ಗೌಡರ ದನಿ ಮಾಡಲೇ, ಮುದುಕಿಯ ದನಿ ಮಾಡಲೇ ಎಂದು ಕೇಳಿದರೆ ಅಂಗಡಿಯ ಮಾಲಕರು ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದರು:

"ಯಾರ ದನಿನೂ ತಗೀಬ್ಯಾಡ ತಮ್ಮಾ. ನಿನ್ನ ದನಿನ ಸಾಕು. ತಿನಿಸಿನ ಮ್ಯಾಲೆ ನಿನಗಿರೂ ಜೀವ ಯಾವ ಗೌಡಗ ಐತಿ?"

ಹಾಗಾಗಿ ಅದೊಂದನ್ನು ನನ್ನ ಸ್ವಂತ ಗಂಟಲಲ್ಲಿ ಹೇಳಿದ್ದೆ. ಅಂಗಡಿಗೆ ಅದು ಎಷ್ಟು ಹಿಡಿಸಿತೆಂದರೆ, ಸಂತೆಯ ದಿನ ಮೂಡಲಗಿಯ ಓಣಿ ಓಣಿಗೂ ಆಟೋ ಕಳಿಸತೊಡಗಿದರು. ನಾನು ಬಟ್ಟಲಿನಲ್ಲಿ ಹೆಸರುಬೇಳೆ ಕಲಸಿಕೊಂಡು ಕಣ್ಣು ಮುಚ್ಚಿ ಅಗಿಯುತ್ತಿದ್ದರೆ, ಹೊರಗಿನಿಂದ ನಾನೇ ಕೂಗುತ್ತಿದ್ದೆ. "ನಮಸ್ಕಾರ್ರಿ ಯಪ್ಪಾ, ನಮಸ್ಕಾರ್ರಿ ಯವ್ವಾ! ಗೋಕಾಕದ ಕರದಂಟು ಬಾಗಲಕ್ಕ ಬಂದೈತ್ರಿ! ಅಂಟು ಅರಳೈತಿ, ತುಪ್ಪ ಸುರದೈತಿ, ಒಂದ ತುಂಡ ತಿಂದ ನೋಡ್ರಿ. ಬ್ಯಾಡ ಅನ್ನಬ್ಯಾಡ್ರಿ!" ಆ 'ತುಪ್ಪ ಸುರದೈತಿ' ಎನ್ನುವಲ್ಲಿ ನಾನು ನಿಜವಾಗಿಯೂ ಬಾಯಲ್ಲಿ ನೀರು ಬಂದು ಒಮ್ಮೆ ನುಂಗಿದ್ದೇನೆ. ಅದೂ ಭೋಂಗಾದಲ್ಲಿ ಸ್ಪಷ್ಟ ಕೇಳಿಸುತ್ತದೆ. ಜಗತ್ತಿನಲ್ಲಿ ಎಷ್ಟೋ ಮಂದಿಯನ್ನು ಎಷ್ಟೋ ಮಂದಿ ಹಾದಿ ತಪ್ಪಿಸಿರಬಹುದು. ತನ್ನನ್ನೇ ತಾನು ಆಟೋದಲ್ಲಿ ಬಂದು ಕರೆದವನು ನಾನೊಬ್ಬನೇ ಇರಬೇಕು.

ರೋಸಿಹೋಗಿ, ಒಂದಿಷ್ಟು ದಿನ ಇದ್ದು ಬರೋಣವೆಂದು ಹುಕ್ಕೇರಿಗೆ ಹೊರಟೆ. ಅಲ್ಲಿ ನನ್ನ ಅಕ್ಕನ ಗಂಡನ ಮನೆ. ಅಕ್ಕ ನಮ್ಮ ಮನೆಯಲ್ಲೇ ಶಿಸ್ತಿನವಳು. ಸಣ್ಣಂದಿನಲ್ಲಿ ನನ್ನ ಪಾಲಿನ ಚಕ್ಕುಲಿಯನ್ನು ಎಣಿಸಿಟ್ಟು, ನಾನು ಕೇಳಿದಾಗ ಲೆಕ್ಕ ಕೊಟ್ಟು ತಾನೇ ತಿನ್ನುತ್ತಿದ್ದವಳು. "ಬಾ, ನನ್ನ ಕೈಯಾಗ ಇರು. ಒಂದ ಹರಳ ಸಕ್ರಿ ನಿನ್ನ ಬಾಯಿಗಿ ಬಿದ್ರ ನನ್ನ ಹೆಸರ ಅಲ್ಲ" ಎಂದು ಫೋನಿನಲ್ಲಿ ಹೇಳಿದ್ದಳು. ಬಸ್ಸಿನಲ್ಲಿ ನನಗೆ ಒಂದೇ ಸೀಟು ಸಾಕಾಯಿತು. ಪಕ್ಕದಲ್ಲಿ ಇನ್ನೊಬ್ಬರು ಕೂತರು! ಜೀವನದಲ್ಲಿ ಮೊದಲ ಬಾರಿಗೆ ನನ್ನ ಪಕ್ಕದ ಸೀಟು ಇನ್ನೊಬ್ಬರಿಗೆ ಉಳಿದಿತ್ತು. ಘಟಪ್ರಭಾ ದಾಟುವವರೆಗೂ ನಾನು ಅವರ ಕಡೆ ನೋಡಿ ನಗುತ್ತಿದ್ದೆ. ಅವರು ಜೇಬು ಮುಟ್ಟಿ ನೋಡಿಕೊಂಡರು.

ಅಕ್ಕನ ಲೆಕ್ಕದಲ್ಲಿ ಒಂದು ತಪ್ಪಿತ್ತು. ಆ ಮನೆಯಲ್ಲಿ ಅಡುಗೆಮನೆಯ ಯಜಮಾನಿಕೆ ಅವಳದಲ್ಲ, ಅವಳ ಅತ್ತೆಯದು. ಬೀಗರ ಮನೆಯ ಮಗ ಆಪರೇಶನ್ ಮಾಡಿಸಿಕೊಂಡು ಮೊದಲ ಸಲ ಬಂದಿದ್ದಾನೆ. ಹೋಳಿಗೆ ಮಾಡದೆ ಕಳಿಸಿದರೆ ಅವರ ಮಾನ ಏನಾಗಬೇಕು? ಅಕ್ಕ ಗೋಗರೆದಳಂತೆ. "ಸಣ್ಣದ ಮಾಡ್ತೇನಿ ಬಿಡವ್ವಾ" ಎಂದರಂತೆ. ಸಣ್ಣದು ಎಂದರೆ ನನ್ನ ಅಂಗೈಯಷ್ಟು. ನನ್ನ ಅಂಗೈ ಇನ್ನೂ ತೆಳ್ಳಗಾಗಿರಲಿಲ್ಲ.

ಊಟಕ್ಕೆ ಕೂತಾಗ ನಾನು ಡಾಕ್ಟರರ ಬಾವಿದನಿ ತೆಗೆದೆ. "ಸಿಹಿ ಮುಟ್ಟಿದ್ರೆ ನನ್ನ ಹತ್ರ ಮತ್ತೆ ಬರ್ಬೇಡಿ."

ಅತ್ತೆಯವರ ಕಣ್ಣು ಅರಳಿತು. "ಅಯ್ಯ ನನ ಶಿವನ! ಖರೇನ ಡಾಕ್ಟರ ಕುಂತಂಗ ಆತಲ್ಲೋ ತಮ್ಮಾ! ತಡಿ ತಡಿ" ಎಂದು ಹಿತ್ತಲ ಬಾಗಿಲಿಗೆ ಹೋಗಿ ಬಾಜೂ ಮನೆಯವರನ್ನು ಕೂಗಿ ಕರೆದರು. ಮೂವರು ಹೆಂಗಸರು ಕೈ ಒರೆಸಿಕೊಳ್ಳುತ್ತಾ ಬಂದು ಹೊಸ್ತಿಲಲ್ಲಿ ನಿಂತರು.

"ಈಗ ಅನ್ನು."

ಅಂದೆ. ನಕ್ಕರು. ಬಹುಮಾನ ಕೊಟ್ಟಂತೆ ತಾಟಿಗೆ ಒಂದು ಹೋಳಿಗೆ ಬಿತ್ತು.

"ಆ ಮೇಡಮ್ಮಾರದು ಅನ್ನಂತ ಈಗ, ಬಾಳಿಹಣ್ಣಿಂದು."

ಅಂದೆ. ಇನ್ನೊಂದು ಬಿತ್ತು, ಅದರ ಮೇಲೆ ತುಪ್ಪ. ಮೂಲೆಯಲ್ಲಿ ನಿಂತ ಅಕ್ಕ ಅತ್ತೆಯ ಹಿಂದಿನಿಂದ ನನ್ನತ್ತ ಕಣ್ಣು ಕೆಕ್ಕರಿಸಿ ತಲೆ ಅಲ್ಲಾಡಿಸುತ್ತಿದ್ದಳು. ನಾನು ನೋಡಿದೆ. ನೋಡಿಯೂ, ಹೊಸ್ತಿಲಲ್ಲಿದ್ದ ಆ ಮೂವರ ನಗು ಇನ್ನೂ ಮುಗಿದಿರಲಿಲ್ಲವಲ್ಲ, ಒಂದು ಚೂರು ಮುರಿದೆ. ಏಲಕ್ಕಿ ವಾಸನೆ ಮೂಗಿಗೆ ಬಡಿಯಿತು. ಹಂಚಿನಿಂದ ಈಗಷ್ಟೇ ಎದ್ದ ಬಿಸಿ. ಚೂರು ಹೋಗಿ ಅರ್ಧವಾಯಿತು, ಅರ್ಧ ಹೋಗಿ ಒಂದಾಯಿತು.

ಎರಡನೆಯದರ ನಡುವೆ ಶುರುವಾಯಿತು. ಮೊದಲು ಕಿವಿ ಬಿಸಿಯಾದವು. ಆಮೇಲೆ ಎದೆ ತಮಟೆಯಂತೆ ಬಡಿಯತೊಡಗಿತು, ಮೈಯೆಲ್ಲ ಬೆವರು, ಕೈ ನಡುಕ, ಕಣ್ಣಿನ ಮುಂದೆ ಹಳದಿ. ನಾನು "ಅಕ್ಕಾ" ಎಂದು ಪಕ್ಕಕ್ಕೆ ವಾಲಿದೆ. ಹೊಸ್ತಿಲಲ್ಲಿದ್ದ ಹೆಂಗಸರು ಇನ್ನಷ್ಟು ನಕ್ಕರು, ಸಾಯುವವರ ಅಣಕನ್ನೂ ಎಷ್ಟು ಚಂದ ಮಾಡುತ್ತಾನೆ ಎಂದುಕೊಂಡರು! ಅಕ್ಕ ಮಾತ್ರ ನಗಲಿಲ್ಲ. ತೊಟ್ಟಿಯ ಪಕ್ಕ ಚಾಪೆ ಎಳೆದು ನನ್ನನ್ನು ಮಲಗಿಸಿ, ಹಣೆಗೆ ಒದ್ದೆ ಬಟ್ಟೆ ಇಟ್ಟು, ಆಸ್ಪತ್ರೆಗೆ ಫೋನು ಹಚ್ಚಿದಳು. ಆ ಕಡೆಯಿಂದ ನಿಜವಾದ ಮೇಡಂ ಅವರ ಮೂಗಿನ ದನಿ ಬಂತು. ಹೆದರಬೇಡಿ, ಸಿಹಿ ಹೊಟ್ಟೆಯಿಂದ ಒಮ್ಮೆಲೇ ಕರುಳಿಗಿಳಿದರೆ ಹೀಗಾಗುತ್ತದೆ, ಮಲಗಿಸಿ, ಇನ್ನೊಮ್ಮೆ ಇಂಥದ್ದು ಬೇಡ ಎಂದರು. ನನಗೆ ಜೀವ ಹೋಗುವಂತಾಗಿತ್ತು, ಆದರೂ ಆ 'ಹೌದಲ್' ಕೇಳಿ ನಗು ಬಂತು. ಇದಕ್ಕೇ ನನ್ನನ್ನು ಯಾರೂ ನಂಬುವುದಿಲ್ಲ.

ಮೈ ತಣ್ಣಗಾದ ಮೇಲೆ ಅಕ್ಕ ಒಂದೇ ಮಾತು ಹೇಳಿದಳು. "ನಿನ್ನ ನಗಸೂ ಚಟಕ್ಕ ಬೆಂಕಿ ಹತ್ತಲಿ. ನಾಳಿ ಊರಿಗಿ ಹೋಗಿಬಿಡು. ಅತ್ತಿ ಕೈಯಾಗ ನಿನ್ನ ಕೊಲ್ಲಸಿದೆ ಅಂತ ನನಗ ಹೆಸರ ಬರೂದು ಬ್ಯಾಡ."

ಮೂಡಲಗಿಗೆ ಮರಳಿದವನು ಕೆರಳಿದ ಹೋರಿಯಂತೆ ಇದ್ದೆ. ತಪ್ಪು ಯಾರದು? ಆಯಿಯದು, ಅವ್ವನದು, ಬೀಗರದು, ಅಂಟಿನದು, ಹೂರಣದ್ದು. ನನ್ನದೊಂದು ಬಿಟ್ಟು ಎಲ್ಲರದೂ. ಮನೆಯವರನ್ನೆಲ್ಲ ಪಡಸಾಲೆಗೆ ಕರೆದು, ಡಾಕ್ಟರರ ದನಿಯಲ್ಲೇ ಕಾಯ್ದೆ ಹೊರಡಿಸಿದೆ. ಇವತ್ತಿನಿಂದ ಈ ಮನೆಯಲ್ಲಿ ಬೆಲ್ಲದ ಡಬ್ಬಿ ಇರಬಾರದು. ಕರಿದದ್ದು ಇರಬಾರದು. ನನ್ನ ಮೂಗಿಗೆ ಒಗ್ಗರಣೆ ಬೀಳಬಾರದು. ಉಂಡೆ ಡಬ್ಬಿ ಈಗಲೇ ಹೊರಗೆ ಹೋಗಬೇಕು. ಅಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ನಿಂತಿದ್ದವನು, "ನಾವೂ ಆಪರೇಶನ್ ಮಾಡಿಸಿಗೊಳ್ಳೂದೇನ ಡಾಕ್ಟರ ಸಾಹೇಬ್ರ?" ಎಂದು ಕೇಳಿ ದಡ್ಡಿಗೆ ಹೊರಟುಹೋದ.

ಆದರೆ ಪಾಲಿಸಿದರು. ಅದೇ ತೊಂದರೆಯಾದದ್ದು. ಮನೆ ಸಪ್ಪಗಾಯಿತು. ಅಪ್ಪ ತನ್ನ ಊಟವನ್ನು ಕುರಿ ದಡ್ಡಿಗೆ ತರಿಸಿಕೊಳ್ಳತೊಡಗಿದ, ವಾಪಸ್ಸು ಬರುವಾಗ ಮೀಸೆಯಲ್ಲಿ ಬೆಳ್ಳುಳ್ಳಿ ಚಟ್ನಿಯ ವಾಸನೆ ಹೊತ್ತು ಬಂದು ಕಳ್ಳನಂತೆ ದೂರ ಕೂರುತ್ತಿದ್ದ. ಅವ್ವ ಬೇಯಿಸಿದ್ದನ್ನು ಬೇಯಿಸಿದ ಹಾಗೆ ಇಳಿಸುತ್ತಿದ್ದಳು. ಎರಡನೆಯ ಸಲ ಸೌಟು ತರುತ್ತಿರಲಿಲ್ಲ. ಬಟ್ಟಲು ಇಟ್ಟು ಆ ಕಡೆ ಮುಖ ಮಾಡಿ ಕೂರುತ್ತಿದ್ದಳು, ನಾನು ಸಾಲ ಕೇಳಲು ಬಂದವನಂತೆ. ಓಣಿಯಲ್ಲಿ ಒಗ್ಗರಣೆಯ ಸದ್ದು ಇಲ್ಲದ ಮನೆ ಎಂದರೆ ಸೂತಕದ ಮನೆ. ಮೂರನೆಯ ಮನೆಯಾಕೆ ಬಾಗಿಲಲ್ಲಿ ನಿಂತು ಸೆರಗು ಸರಿಮಾಡಿಕೊಂಡು, ಮೆಲ್ಲಗೆ "ಯಾರರ ತೀರಕೊಂಡಾರೇನವ್ವಾ?" ಎಂದು ಕೇಳಿದಳು.

"ಹೂಂ, ಉಪ್ಪು ಖಾರ ತೀರಕೊಂಡಾವ" ಎಂದಳು ಅವ್ವ, ಒಳಗಿನಿಂದಲೇ.

ಖರೆ ಹೇಳಬೇಕೆಂದರೆ, ಇಷ್ಟೆಲ್ಲ ಮಾಡಿದ ಮೇಲೆ ನನಗೆ ಹಸಿವಿಲ್ಲದಿದ್ದರೂ ತಿನ್ನುವ ಆಸೆ ಮೊದಲಿಗಿಂತ ಹೆಚ್ಚಾಯಿತು. ಡಬ್ಬಿ ಕಣ್ಣಿಗೆ ಬೀಳುತ್ತಿದ್ದಾಗ ಅದು ಬರೀ ಡಬ್ಬಿಯಾಗಿತ್ತು. ಕಣ್ಣಿಗೆ ಬೀಳದಾದ ಮೇಲೆ ಮನೆಯ ಪ್ರತಿ ಮೂಲೆಯೂ ಡಬ್ಬಿಯಾಯಿತು. ಆಯಿಯ ಮೇಲೆ ನನಗೆ ಸಂಶಯ. ಉಂಡೆಗಳನ್ನು ಅವಳು ನಿಜವಾಗಿ ಹೊರಗೆ ಹಾಕಿದ್ದಾಳೆ ಎಂದು ನಂಬುವಷ್ಟು ನಾನು ಹುಂಬನಲ್ಲ. ತುಪ್ಪವನ್ನು ನೆಲಕ್ಕೆ ಚೆಲ್ಲುವ ಹೆಂಗಸಲ್ಲ ಅವಳು.

ಸಂತೆಯ ದಿನ, ಮಧ್ಯಾಹ್ನ. ಆಯಿ ಸಂತೆಗೆ ಹೋಗಿದ್ದಳು, ಅಪ್ಪ ದಡ್ಡಿಯಲ್ಲಿದ್ದ, ಅವ್ವ ಹಿತ್ತಲಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ಆಯಿಯ ಕೋಣೆಗೆ ಹೋದೆ. ಮೂಲೆಯಲ್ಲಿ ಅವಳ ಕರಿ ಕಂಬಳಿಗಳ ಸುರುಳಿ, ಮದುವೆಯಲ್ಲಿ ಕೊಟ್ಟದ್ದು, ಮುಟ್ಟಿದರೆ ಕೈ ಮುರಿಯುತ್ತೇನೆ ಎನ್ನುವಂಥದ್ದು. ಹತ್ತಿರ ಹೋದರೆ ಉಣ್ಣೆಯ ವಾಸನೆಯ ಕೆಳಗೆ ಇನ್ನೊಂದು ವಾಸನೆ. ಕೈ ತೂರಿಸಿದೆ. ನಡುವಿನ ಮಡಿಕೆಯಲ್ಲಿ, ಹಳೆಯ ಕುಪ್ಪಸದ ಬಟ್ಟೆಯಲ್ಲಿ ಕಟ್ಟಿದ ಐದಾರು ಉಂಡೆ. ಕಂಬಳಿಯ ಕಾವಿಗೆ ತುಪ್ಪ ಸ್ವಲ್ಪ ಕರಗಿ ಬಟ್ಟೆ ಮೆತ್ತಗಾಗಿತ್ತು.

ಒಂದೇ ಒಂದು ಸಲ ಕಚ್ಚೋಣ ಎಂದುಕೊಂಡೆ. ಕಚ್ಚಿದೆ. ಅಂಟು ಹಲ್ಲಿಗೆ ಕರಕ್ ಎಂದಿತು. ಆ ಸದ್ದು ನನಗೆ ಕೇಳಿಸಿದ್ದು ಸರಿ, ಹಿತ್ತಲಿಗೆ ಹೇಗೆ ಕೇಳಿಸಿತೋ ನಾನರಿಯೆ. ತಿರುಗಿದರೆ ಬಾಗಿಲಲ್ಲಿ ಅವ್ವ, ಕೈಯಲ್ಲಿ ಮೊರ, ಮೊರದಲ್ಲಿ ಜೋಳ.

ಸಿಕ್ಕಿಬಿದ್ದ ಕಳ್ಳ ಮೊದಲು ಕೂಗುತ್ತಾನೆ. ನಾನೂ ಕೂಗಿದೆ, ಬಾಯಿಯ ಒಂದು ದವಡೆಯಲ್ಲಿ ಉಂಡೆ ಇಟ್ಟುಕೊಂಡೇ.

"ನೋಡು, ನೋಡು! ಮನ್ಯಾಗ ಇಡಬ್ಯಾಡ್ರಿ ಅಂದ್ರೂ ಇಟ್ಟೀರಿ! ಕಂಬಳ್ಯಾಗ ಮುಚ್ಚಿ ಇಟ್ಟೀರಿ! ನನ್ನ ಕೊಲ್ಲಬೇಕಂತ ಮಾಡೀರೇನು ಎಲ್ಲಾರೂ ಕೂಡಿ? ಹುಕ್ಕೇರ್ಯಾಗ ಬಿದ್ದು ಬಂದೇನಿ, ಗೊತ್ತೈತಿ ಇಲ್ಲೋ? ಎಷ್ಟ ಸಲ ಬ್ಯಾಡ ಅನ್ಲಿ? ಮೇಡಮ್ಮಾರ ಹೇಳಿದಂಗ ಹೇಳಿದೆ. ಡಾಕ್ಟರ ಹೇಳಿದಂಗ ಹೇಳಿದೆ. ಆಯಿ ಮುಂದ ಹೇಳಿದೆ, ನಿನ್ನ ಮುಂದ ಹೇಳಿದೆ, ಬೀಗರ ಮುಂದ ಹೇಳಿದೆ. ಒಬ್ಬರರ ಕೇಳಿದ್ರೇನು? ಬರೇ ನಗೂದು, ನೀಡೂದು, ನಗೂದು, ನೀಡೂದು! ನನ್ನ ಮಾತಿಗಿ ಈ ಮನ್ಯಾಗ ಒಂದ ದುಡ್ಡಿನ ಕಿಮ್ಮತ್ತ ಐತೇನು?"

ಅವ್ವ ಮೊರವನ್ನು ನೆಲಕ್ಕಿಟ್ಟಳು. ನನ್ನ ಕೈಯಲ್ಲಿದ್ದ ಅರ್ಧ ಉಂಡೆಯನ್ನು ನೋಡಿದಳು, ದವಡೆಯ ಉಬ್ಬನ್ನು ನೋಡಿದಳು. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಆಟೋ ತಿರುಗಿದ ಸದ್ದು. ಭೋಂಗಾ ಒಮ್ಮೆ ಗೊರಗುಟ್ಟಿ ಬಾಯಿ ಬಿಟ್ಟಿತು. "ನಮಸ್ಕಾರ್ರಿ ಯಪ್ಪಾ, ನಮಸ್ಕಾರ್ರಿ ಯವ್ವಾ! ತುಪ್ಪ ಸುರದೈತಿ, ಒಂದ ತುಂಡ ತಿಂದ ನೋಡ್ರಿ. ಬ್ಯಾಡ ಅನ್ನಬ್ಯಾಡ್ರಿ!" ಆ ನುಂಗಿದ ಸದ್ದೂ ಕೇಳಿಸಿತು, ನಮ್ಮ ಮನೆಯ ಎದುರಿಗೇ.

ಅವ್ವ ಕೈಚಾಚಿ ನನ್ನ ಕೈಯಿಂದ ಉಂಡೆ ತೆಗೆದುಕೊಂಡಳು. ಗದ್ದ ಎತ್ತಿ ಓಣಿಯ ಕಡೆ ತೋರಿಸಿದಳು.

"ಬ್ಯಾಡ ಅನ್ನೂಮುಂದ ಡಾಕ್ಟರನ ದನಿ, ಮೇಡಮ್ಮಾರ ದನಿ. ತಿನ್ರಿ ಅನ್ನೂಮುಂದ ಅಷ್ಟ ನನ್ನ ಮಗನ ದನಿ, ಕೇಳ ಅಲ್ಲೆ. ನಾ ಮಂದಿ ಮಾತ ಕೇಳಲೋ, ನನ್ನ ಮಗನ ಮಾತ ಕೇಳಲೋ?"